ಒಂದು ಕನ್ನಡಿ ಕಡಿಮೆ

ನಾನೊಂದು ಮುಸುಕು. ಕನ್ನಡದ ಜನ ನಮ್ಮ ಹೆಸರನ್ನು ಜೋಳಕ್ಕೂ ಕೊಟ್ಟಿದ್ದಾರೆ, ಗುದ್ದಾಟಕ್ಕೂ ಕೊಟ್ಟಿದ್ದಾರೆ. ನಾನು ಬೇಯಿಸಿ ತಿನ್ನುವಂಥದ್ದೂ ಅಲ್ಲ, ಗುದ್ದುವಂಥದ್ದೂ ಅಲ್ಲ. ಹೆಣ್ಣುಮಗಳೊಬ್ಬಳು ಮುಖದ ಮೇಲೆ ಎಳೆದುಕೊಂಡು ಮನಸ್ಸು ತೆರೆದು ಅಳಲಿ ಎಂದು ಹುಟ್ಟಿದ ಬಟ್ಟೆ.

ನಾನು ಹುಟ್ಟಿದ್ದು ಹೊಸಪೇಟೆಯ ಆಚೆ, ಗುಡ್ಡದ ಬುಡದ ಒಂದು ಲಂಬಾಣಿ ತಾಂಡಾದಲ್ಲಿ. ಹೊಲಿದವಳು ಗೇನಿಬಾಯಿ. ಅವಳಿಗೆ ಇದ್ದದ್ದು ಒಬ್ಬ ಮಗ, ಒಬ್ಬಳೇ ಮಗಳು ಹಾಮ್ಲಿ. ಮಗಳ ಮದುವೆಗೆಂದು ಎರಡು ವರ್ಷ ಮೊದಲೇ ಕೆಂಪು ಬಟ್ಟೆ ತಂದು ಗೇನಿಬಾಯಿ ಕೂತಳು. ಬೆಳಗ್ಗೆ ಜಲ್ಲಿ ಒಡೆಯಲು ಹೋಗುವಾಗ ನನ್ನನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ತಿಂದು ಉಳಿದವರು ಕಣ್ಣು ಮುಚ್ಚಿದರೆ ಇವಳು ಸೂಜಿಗೆ ನೂಲು ಪೋಣಿಸುತ್ತಿದ್ದಳು. ಕಲ್ಲು ಒಡೆದ ಕೈ ಒರಟು, ಆದರೆ ಹೊಲಿಗೆ ಸಣ್ಣದು. ಅಂಚಿಗೆ ಕವಡೆ ಕಟ್ಟಿದಳು. ಹಣೆಯ ಮೇಲೆ ಬರುವ ಪಟ್ಟಿಗೆ ಹಳದಿ ನೂಲಿನ ಉಂಗುರಗಳನ್ನು ಹೆಣೆದು, ಒಂದೊಂದು ಉಂಗುರದೊಳಗೆ ಒಂದೊಂದು ಪುಟ್ಟ ಕನ್ನಡಿ ಕೂರಿಸಿದಳು. ಇಪ್ಪತ್ತೊಂದು ಉಂಗುರ, ಇಪ್ಪತ್ತು ಕನ್ನಡಿ. ನಟ್ಟನಡುವಿನ ಉಂಗುರವನ್ನು ಖಾಲಿ ಬಿಟ್ಟಳು.

ಮದುವೆಯ ಹಿಂದಿನ ದಿನ ಹಾಮ್ಲಿ ನನ್ನನ್ನು ಬಿಚ್ಚಿ ನೋಡಿದಳು. ಅವರ ಮಾತು ಅವರ ತಾಂಡಾದ ಮಾತು. ನಿಮಗಾಗಿ ನಾನು ಅದನ್ನು ಆ ಸೀಮೆಯ ಕನ್ನಡದಲ್ಲಿ ಹೇಳುತ್ತೇನೆ.

"ಯಾಡಿ, ಒಂದು ಕನ್ನಡಿ ಮರೆತೀಯಲ್ಲ!" ಎಂದಳು. ಅವರಲ್ಲಿ ಅವ್ವನನ್ನು ಯಾಡಿ ಅನ್ನುತ್ತಾರೆ.

"ಮರೆತಿಲ್ಲ. ಅದು ನನ್ನ ಹತ್ರ ಐತಿ," ಎಂದು ಗೇನಿಬಾಯಿ ಕುಪ್ಪಸದ ಗಂಟಿನಿಂದ ಬೆರಳುಗುರಿನಷ್ಟು ಕನ್ನಡಿ ತೆಗೆದು ತೋರಿಸಿದಳು. "ನೀ ತವರಿಗೆ ತಿರುಗಿ ಬಂದಾಗ ಕಟ್ತೀನಿ. ಮುಸುಕು ಹೊದ್ಕೊಂಡು ಬಾ."

"ಬರದಿದ್ರೆ?"

"ಬರದೆ ಎಲ್ಲಿಗೆ ಹೋಗ್ತಿ? ನಿನ್ನ ಕನ್ನಡಿ ನನ್ನ ಕೈಯಾಗ ಐತಿ."

ಇದು ತಾಂಡಾದ ಪದ್ಧತಿಯೇನಲ್ಲ, ಗೇನಿಬಾಯಿಯ ಸ್ವಂತ ಕಿತಾಪತಿ. ಮಗಳನ್ನು ಮತ್ತೆ ಮನೆಗೆ ಎಳೆಯಲು ಅವಳಿಗೆ ಹೊಳೆದ ಉಪಾಯ ಅಷ್ಟೇ.

ಮರುದಿನ ಹೆಣ್ಣು ಒಪ್ಪಿಸುವ ಹೊತ್ತಿಗೆ ಢಾವಲೊ ಶುರುವಾಯಿತು. ಢಾವಲೊ ಅಂದರೆ ಹಾಡಿಕೊಂಡು ಅಳುವುದು. ತಾಯಿ ಮಗಳು ಇಬ್ಬರೂ ನನ್ನೊಳಗೆ ತಲೆ ತೂರಿಸಿ, ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಇಟ್ಟು ಹಾಡಿದರು. ಅಬ್ಬಾ, ಹಾಮ್ಲಿಯ ಗಂಟಲು! ದೂರದ ಬಾವಿಯ ನೀರು ನನಗೆ ಬರೆದೆಯಲ್ಲಾ ಎಂದು ಅಪ್ಪನನ್ನು ಬೈದಳು. ನನ್ನ ಪಾಲಿನ ಹಾಲು ಕುಡಿದು ಬೆಳೆದೆ, ಒಂದು ದಿನವಾದರೂ ನೋಡಲು ಬಾ ಎಂದು ಅಣ್ಣನನ್ನು ಬೈದಳು. ಇಡೀ ತಾಂಡಾ ತಲೆ ತಗ್ಗಿಸಿ ಕೇಳಿತು. ಮುಸುಕಿಲ್ಲದಾಗ ಆ ಹುಡುಗಿ ಅಪ್ಪನ ಎದುರು ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ. ನಾನು ಹೊರಗಿನವರಿಗೆ ಮರೆ, ಒಳಗಿದ್ದವಳಿಗೆ ಬಾಯಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಮ್ಲಿಯ ಗಂಡ ಟೋಪ್ಯಾ ಗೌಂಡಿ ಕೆಲಸದವನು, ಒಳ್ಳೆಯವನು. ಹೊಸಪೇಟೆ ಊರಿನ ಹೊರಗೆ ತಗಡಿನ ಮನೆ ಮಾಡಿದರು. ಹಾಮ್ಲಿಗೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಮೊದಲ ದಿನ ನನ್ನನ್ನು ಹೊದ್ದೇ ಹೋದಳು. ಮೇಲ್ವಿಚಾರಕಿ ಮೇಲಿಂದ ಕೆಳಗೆ ನೋಡಿ, "ಸಾರಿನಾಗ ಕನ್ನಡಿ ಬಿದ್ರೆ ಮಕ್ಕಳ ಗತಿ ಏನವ್ವ? ನಾಳೆಯಿಂದ ಸೀರಿ ಉಟ್ಟು ಬಾ," ಅಂದಳು. ಅದು ನ್ಯಾಯದ ಮಾತೇ. ಆ ಸಂಜೆ ಬಸ್ಸಿನಲ್ಲಿ ನಡೆದದ್ದು ಮಾತ್ರ ನ್ಯಾಯವಲ್ಲ. ಒಬ್ಬ ಕವಡೆ ಎಳೆದು ನೋಡಿದ. ಇನ್ನೊಬ್ಬ, "ಏನವ್ವ, ಯಾವ ನಾಟಕ ಇವತ್ತು?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಹಾಮ್ಲಿ ಅವರ ಜೊತೆ ತಾನೂ ನಕ್ಕಳು. ಮನೆಗೆ ಬಂದವಳು ನನ್ನನ್ನು ಮಡಚಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಳು.

ಅಲ್ಲಿಂದ ನನ್ನ ಲೋಕವೆಂದರೆ ನುಸಿಗುಳಿಗೆಯ ವಾಸನೆ ಮತ್ತು ಮುಚ್ಚಳದ ಸಂದಿಯಿಂದ ಕೇಳುವ ಮಾತು. ತವರಿಗೆ ಹೊರಡುವ ದಿನ ಹಾಮ್ಲಿ ಪೆಟ್ಟಿಗೆ ತೆರೆಯುತ್ತಿದ್ದಳು. ಖಾಲಿ ಉಂಗುರದ ಮೇಲೆ ಬೆರಳಾಡಿಸುತ್ತಿದ್ದಳು. ನಾನು ಈ ಸಲ ಹೊರಟೆ ಎಂದುಕೊಳ್ಳುವಷ್ಟರಲ್ಲಿ ಮುಚ್ಚಳ ಬೀಳುತ್ತಿತ್ತು. ತಿರುಗಿ ಬಂದವಳು ಗಂಡನಿಗೆ ಹೇಳುತ್ತಿದ್ದಳು, "ಯಾಡಿ ಮತ್ತ ಕೇಳಿದ್ಲು. ಮುಂದಿನ ಸಲ ತರ್ತೀನಿ ಅಂದೆ."

"ಒಂದ್ ಚೀಲದಾಗ ಹಾಕ್ಕೊಂಡು ಹೋಗಾಕ ಏನು ಧಾಡಿ?" ಎಂದು ಟೋಪ್ಯಾ ಒಮ್ಮೆ ಕೇಳಿದ.

"ಹೊದ್ಕೊಂಡು ಬಾ ಅಂದಾಳ. ಚೀಲದಾಗ ತಂದ್ರೆ ಅಕಿಗೆ ಗೊತ್ತಾಗಲ್ಲೇನು, ನನಗ ನಾಚಿಕಿ ಅಂತ?"

ಹೀಗೆ ಒಂಬತ್ತು ವರ್ಷ ಮುಂದಿನ ಸಲವಾಯಿತು.

ಒಂದು ಬೆಳಗ್ಗೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನು ಓಣಿಗೆ ಬಂದ. ಹಾಮ್ಲಿಗೆ ನೀರು ತುಂಬಲು ಕೊಳಗ ಬೇಕಿತ್ತು. ಮಗಳು ಶೈಲಾಳ ಹಳೇ ಲಂಗ, ಗಂಡನ ಪ್ಯಾಂಟು, ಎರಡು ಸೀರೆ ಇಟ್ಟಳು. ಅವನು ಸಾಲದು ಎಂದ. ಆಗ ಪೆಟ್ಟಿಗೆ ತೆರೆಯಿತು. ಅವನು ನನ್ನನ್ನು ಬಿಸಿಲಿಗೆ ಹಿಡಿದು, "ಒಂದು ಕನ್ನಡಿ ಬಿದ್ದೈತಲ್ಲವ್ವ," ಎಂದು ರಾಗ ಎಳೆದ.

"ಬಿದ್ದಿಲ್ಲ, ಮೊದಲಿಂದಾನೂ ಇಲ್ಲ," ಎಂದಳು ಹಾಮ್ಲಿ.

ಮೊದಲಿಂದಾನೂ ಇಲ್ಲವಂತೆ! ಹತ್ತು ಮೈಲಿ ಆಚೆ ಒಬ್ಬ ಮುದುಕಿ ಅದನ್ನು ಎದೆಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೊಳಗ ಒಳಗೆ ಹೋಯಿತು, ನಾನು ಗಂಟಿಗೆ ಹೋದೆ. ಓಣಿ ತಿರುಗುವಾಗ ಅವಳು ಬಾಗಿಲಿಗೆ ಬಂದು ನಿಂತದ್ದು ಕಂಡಿತು. ಕರೆಯಲಿಲ್ಲ.

ಪಾತ್ರೆಯವನಿಂದ ಹಳೇ ಕಸೂತಿ ಕೊಳ್ಳುವ ಅಂಗಡಿಗೆ ಬಂದೆ. ಅಲ್ಲಿ ನನ್ನಂಥವು ರಾಶಿ ರಾಶಿ. ಹತ್ತು ಹನ್ನೆರಡು ವರ್ಷ ಆ ರಾಶಿಯ ಅಡಿಯಲ್ಲೇ ಬಿದ್ದಿದ್ದೆ. ಕತ್ತರಿ ಬಿದ್ದು ಕೆಲವು ದಿಂಬಿನ ಗವಸಾದವು, ಕೆಲವು ಕೈಚೀಲವಾದವು. ನನ್ನ ಸರದಿ ಬರುವ ಮೊದಲು ಬೆಂಗಳೂರಿನ ಕಲಾವಿದೆಯೊಬ್ಬಳು ಬಂದಳು, ಹೆಸರು ಮೇದಿನಿ. ನನ್ನನ್ನು ಎತ್ತಿ ಹಿಡಿದವಳ ಬೆರಳು ನೇರವಾಗಿ ಖಾಲಿ ಉಂಗುರಕ್ಕೆ ಹೋಯಿತು. ಅವಳ ಕಣ್ಣು ತುಂಬಿತು. ಸಿಟ್ಟಿಲ್ಲದೆ ಹೇಳುತ್ತೇನೆ, ಅವಳು ಕೆಟ್ಟವಳಲ್ಲ. ಅವಳ ಕೈಗೆ ಸಿಕ್ಕಿದ್ದರಿಂದ ನಾನು ಉಳಿದೆ.

ಮೇದಿನಿ ನನ್ನನ್ನು ಗಾಜಿನ ಚೌಕಟ್ಟಿನಲ್ಲಿ ಕೂರಿಸಿ ಬೆಂಗಳೂರಿನ ಒಂದು ದೊಡ್ಡ ಗ್ಯಾಲರಿಯ ಬಿಳಿ ಗೋಡೆಗೆ ಏರಿಸಿದಳು. ಪ್ರದರ್ಶನದ ಹೆಸರೇ 'ಮುಸುಕು'. ಎಡಕ್ಕೆ ಒಂದು ಕಪ್ಪು ಬುರ್ಖಾ, ಬಲಕ್ಕೆ ಇಗರ್ಜಿಯ ಮದುಮಗಳ ಬಿಳಿ ವೇಲು, ಎದುರಿಗೆ ವಧೂವರರ ನಡುವೆ ಹಿಡಿಯುವ ಅಂತಃಪಟ. ಎಲ್ಲರ ಕೆಳಗೂ ಒಂದೊಂದು ಚೀಟಿ. ನನ್ನ ಚೀಟಿಯಲ್ಲಿ ಹೀಗಿತ್ತು: 'ಮೌನ, ಸಂಖ್ಯೆ ಏಳು. ಮುಸುಕಿನೊಳಗಿನ ಹೆಣ್ಣಿಗೆ ದನಿಯಿಲ್ಲ. ನಡುವಿನ ಖಾಲಿ ವೃತ್ತವು ಅವಳು ಎಂದೂ ಕಾಣಲಾಗದ ಅವಳ ಮುಖ.'

ದನಿಯಿಲ್ಲವೇ! ಬುರ್ಖಾ ನನ್ನನ್ನು ನೋಡಿ ನಿಟ್ಟುಸಿರಿಟ್ಟಿತು. "ನನ್ನ ಚೀಟಿ ಓದಿದೆಯಾ? ನನ್ನನ್ನು ತೊಟ್ಟವಳು ಕಾಲೇಜಿನಲ್ಲಿ ಲೆಕ್ಕದ ಪಾಠ ಹೇಳುತ್ತಿದ್ದಳು. ಅದನ್ನು ಯಾರೂ ಕೇಳಲೇ ಇಲ್ಲ," ಎಂದಿತು. ಜನ ಬಂದರು, ತಲೆದೂಗಿದರು, ಫೋಟೋ ತೆಗೆದರು. ಪತ್ರಿಕೆಯಲ್ಲಿ ನನ್ನ ಖಾಲಿ ಉಂಗುರದ ಚಿತ್ರ ಬಂತು.

ಆ ಚಿತ್ರವನ್ನು ಶೈಲಾ ನೋಡಿದಳು. ಹಾಮ್ಲಿಯ ಮಗಳು ಈಗ ಟೀಚರಾಗಲು ಓದುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ, ಗ್ಯಾಲರಿ ತುಂಬ ಜನವಿದ್ದಾಗ, ಅವಳು ಅವ್ವನ ಕೈ ಹಿಡಿದು ಒಳಗೆ ಬಂದಳು. ಹಾಮ್ಲಿಯ ಕೂದಲು ನೆರೆತಿತ್ತು. ನೈಲಾನ್ ಸೀರೆ, ಕಾಲಲ್ಲಿ ರಬ್ಬರ್ ಚಪ್ಪಲಿ. ನನ್ನ ಎದುರು ಬಂದು ನಿಂತಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಇದು ನಮ್ಮವ್ವಂದು," ಎಂದು ಶೈಲಾ ಅಲ್ಲಿಯ ವ್ಯವಸ್ಥಾಪಕನಿಗೆ ಹೇಳಿದಳು.

ಅವನು ಮಾತಾಡುವ ಮೊದಲೇ ಹಾಮ್ಲಿ ಅಡ್ಡ ಬಂದಳು. "ನಂದಲ್ಲ ಬಿಡ್ರೀ. ಒಂದು ಕೊಳಗಕ್ಕ ನಾನೇ ಕೊಟ್ಟಿದ್ದು, ಕೇಳಾಕ ನನಗ ಬಾಯಿಲ್ಲ. ಒಂದ ಕನ್ನಡಿ ಕಟ್ಟಿ ಹೋಗ್ತೀನಿ. ಸೂಜಿ ನೂಲು ತಂದೀನಿ. ಐದು ನಿಮಿಷದ ಕೆಲಸ." ಅವಳು ಸೆರಗಿನ ಗಂಟು ಬಿಚ್ಚಿದಳು. ಅಂಗೈಯಲ್ಲಿ ಬೆರಳುಗುರಿನಷ್ಟು ಕನ್ನಡಿ.

ವ್ಯವಸ್ಥಾಪಕ ಮರ್ಯಾದೆಯವನು. "ಕ್ಷಮಿಸಿ ಅಮ್ಮ, ಗಾಜು ತೆಗೆಯೋ ಹಾಗಿಲ್ಲ. ಇದು ಈಗಾಗಲೇ ಬೇರೆಯವರ ಪಾಲಾಗಿದೆ. ಅಲ್ಲದೆ ಆ ಖಾಲಿ ಜಾಗಾನೇ ಇದರ ಪ್ರಾಣ ಅಲ್ವಾ? ಅದನ್ನ ತುಂಬಿಸಿದರೆ ಇನ್ನೇನು ಉಳೀತು?" ಎಂದ.

ಹಾಮ್ಲಿ ಅವನ ಮುಖ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಖಾಲಿ ಉಂಗುರಕ್ಕೆ ಸರಿಯಾಗಿ ಗಾಜಿನ ಮೇಲೆ ಆ ಕನ್ನಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹಣೆಯನ್ನು ಗಾಜಿಗೆ ಆನಿಸಿ ಢಾವಲೊ ಎತ್ತಿದಳು.

ಯಾಡೀ, ನಾ ಬಂದೆ ಯಾಡೀ. ಬಸ್ಸಿನ ಮಂದಿ ನಕ್ಕರಂತ ನಿನ್ನ ಕೈಕೆಲಸ ಪೆಟ್ಟಿಗ್ಯಾಗ ಮುಚ್ಚಿಟ್ಟೆ ಯಾಡೀ. ಕೊಳಗ ತಂದ ಎಂಟನೇ ದಿನ ನೀ ಹಾಸಿಗಿ ಹಿಡಿದಿ, ಓಡಿ ಬಂದೆ ಯಾಡೀ. ನಿನಗ ಕಣ್ಣು ಕಾಣಲಿಲ್ಲ, ನನ್ನ ತಲೆ ತಡವಿ ನೋಡಿದಿ. ಮುಸುಕು ಸಿಗಲಿಲ್ಲ, ನೈಲಾನ್ ಸಿಕ್ತು. ಇವಳು ನನ್ನ ಹಾಮ್ಲಿ ಅಲ್ಲ ಅಂದಿ ಯಾಡೀ. ನನ್ನ ಹಾಮ್ಲಿ ಮುಸುಕು ಹೊದ್ದು ಬರ್ತಾಳಂತ ಬಾಗಿಲ ಕಡೆ ಮುಖ ಮಾಡಿ ಹೋದಿ. ನಿನ್ನ ಕೈಮುಷ್ಟಿ ಬಿಡಿಸಿದ್ರೆ ಕನ್ನಡಿ ಇತ್ತು ಯಾಡೀ.

ಅದೇ ಗಂಟಲು. ಗೋಡೆ ನಡುಗಿತು, ನನ್ನ ಕವಡೆಗಳೂ ನಡುಗಿದವು. ಗೇನಿಬಾಯಿ ಹೋದ ಸುದ್ದಿ ನನಗೆ ಗೊತ್ತಾದದ್ದು ಆಗಲೇ. ಗಾಜು ಒಡೆದು ಅವಳ ತಲೆಯ ಮೇಲೆ ಬೀಳಲು ಎಷ್ಟು ಹಂಬಲಿಸಿದೆನೋ! ಆದರೆ ಬಟ್ಟೆಗೆ ತಾನಾಗಿ ಬೀಳುವುದೂ ಬರುವುದಿಲ್ಲ. ಆ ಹಾಡು ಮುಗಿಯುವವರೆಗೆ ನನಗೆ ಇಪ್ಪತ್ತೊಂದು ಕನ್ನಡಿಗಳಿದ್ದವು.

ಹಾಡು ನಿಂತಿತು. ಆಮೇಲೆ ಜನ ಚಪ್ಪಾಳೆ ತಟ್ಟಿದರು. ಅವಳು ಹಾಡಿದ ತಾಂಡಾದ ಮಾತು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಪ್ರದರ್ಶನದಲ್ಲಿ ಇದೂ ಒಂದು ಭಾಗ ಎಂದುಕೊಂಡಿದ್ದರು. ಮೊಬೈಲ್ ಎತ್ತಿ ಹಿಡಿದವರೇ ಹೆಚ್ಚು. "ಅದ್ಭುತ! ಯಾವ ತಂಡದವರು?" ಎಂದು ಒಬ್ಬಾಕೆ ಶೈಲಾಳನ್ನು ಕೇಳಿದಳು.

ಹಾಮ್ಲಿ ಬೆಚ್ಚಿ ಸೆರಗು ಸರಿಸಿ ನೋಡಿದಳು. ಅಂದು ಬಸ್ಸಿನಲ್ಲಿ ನಕ್ಕಂತೆ ಅವರ ಎದುರೂ ಒಮ್ಮೆ ನಕ್ಕಳು. ಹೆಬ್ಬೆರಳು ಜಾರಿತು, ಕನ್ನಡಿ ನೆಲಹಾಸಿಗೆ ಸದ್ದಿಲ್ಲದೆ ಬಿತ್ತು. ಶೈಲಾ ಅವ್ವನ ಭುಜ ಬಳಸಿ ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಕರೆದುಕೊಂಡು ಹೋದಳು. ಹಾಮ್ಲಿ ತಿರುಗಿ ನೋಡಲಿಲ್ಲ.

ಗುಡಿಸುವವಳಿಗೆ ಆ ಕನ್ನಡಿ ಸಿಕ್ಕಿತು. ಮೇದಿನಿಗೆ ವಿಷಯ ತಿಳಿದು ಮನಸ್ಸು ಕಲಕಿತು. ತುಂಬ ಯೋಚಿಸಿ ಅವಳು ಒಂದು ಕೆಲಸ ಮಾಡಿದಳು. ನನ್ನ ಚೌಕಟ್ಟಿನ ಎದುರಿಗೆ ಒಂದು ಗೇಣು ದೂರಕ್ಕೆ, ಒಂದು ಸಣ್ಣ ಗೂಟದ ಮೇಲೆ, ನನ್ನ ಕಡೆ ಮುಖ ಮಾಡಿ ಆ ಕನ್ನಡಿಯನ್ನು ಅಂಟಿಸಿದಳು. ಅದಕ್ಕೂ ಒಂದು ಚೀಟಿ ಬಂತು: 'ಅನಾಮಿಕ ಮಹಿಳೆಯ ಪ್ರತಿಕ್ರಿಯೆ.'

ಈಗ ನಾನೂ ಆ ಕನ್ನಡಿಯೂ ನನ್ನನ್ನು ಕೊಂಡವರ ಕಚೇರಿಯ ಮೊಗಸಾಲೆಯಲ್ಲಿದ್ದೇವೆ. ಮೆಟ್ಟಿಲ ಕೆಳಗೆ, ನೀರಿನ ಡಬ್ಬಿಯ ಪಕ್ಕ. ಬಣ್ಣ ಮಾಸಿದೆ, ಎರಡು ಕವಡೆ ಸಡಿಲವಾಗಿವೆ, ಚೀಟಿಗಳನ್ನು ಈಗ ಯಾರೂ ಓದುವುದಿಲ್ಲ. ಹೆಂಗಸರ ಮುಖ ಮುಚ್ಚಿಯೇ ಆಯುಷ್ಯ ಕಳೆದ ನನಗೆ ನನ್ನ ಮುಖ ಹೇಗಿದೆ ಎಂದು ಗೊತ್ತಿರಲಿಲ್ಲ. ಗೇನಿಬಾಯಿಯ ಕನ್ನಡಿಯಲ್ಲಿ ಈಗ ದಿನವೂ ಕಾಣುತ್ತದೆ. ಕೆಂಪು ಬಟ್ಟೆ, ಹಳದಿ ಉಂಗುರ, ಉಂಗುರದೊಳಗೆ ಏನೂ ಇಲ್ಲ. ನಡುವೆ ಒಂದು ಗೇಣು ಜಾಗ, ಒಂದು ಗಾಜು. ಬೇಕಾದದ್ದು ಒಂದು ಸೂಜಿ, ಒಂದು ಎಳೆ ನೂಲು. ಐದು ನಿಮಿಷದ ಕೆಲಸ.