ಸುಬ್ಬಕ್ಕನ ನಡಿಗೆ

ಹುಟ್ಟೂರು ಮೂಡಿಗೆರೆಯಲ್ಲಿ ಸನ್ಮಾನ ಅಂದಾಗ ತನುಜಾ ಹಿಂದುಮುಂದು ನೋಡದೆ ಒಪ್ಪಿಕೊಂಡಿದ್ದಳು. ಕಂಪನಿ ನಾಟಕದ ರಾಣಿಯಿಂದ ಹಿಡಿದು ಸಿನಿಮಾದ ಸವತಿ, ಧಾರಾವಾಹಿಯ ಅತ್ತೆಯವರೆಗೆ ಅವಳು ಹಾಕದ ವೇಷವಿಲ್ಲ. ಆದರೆ ಅವಳನ್ನು ಮನೆಮಾತಾಗಿಸಿದ್ದು ಸಿನಿಮಾದ ಒಂದೇ ಒಂದು ಹಾಸ್ಯ ಪಾತ್ರ: ಎಡಗಾಲು ಎಳೆದುಕೊಂಡು, ಬಾಯಿಯ ಒಂದು ಮೂಲೆಯಿಂದ ಮಾತಾಡುವ ಟೈಲರಮ್ಮ, ಸೂಜಿ ಸುಬ್ಬಕ್ಕ.

ಸುಬ್ಬಕ್ಕ ಎಲ್ಲಿಂದ ಬಂದಳೆಂದು ಕೇಳಿದವರಿಗೆಲ್ಲ ‘ಕಲ್ಪನೆ’ ಎನ್ನುತ್ತಿದ್ದಳು. ಶುದ್ಧ ಸುಳ್ಳು! ಅಪ್ಪ ಓಂಕಾರಪ್ಪನವರ ಬಟ್ಟೆ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಸುಗ್ರಾ ಬೀಯೇ ಆ ಸುಬ್ಬಕ್ಕ. ಪೋಲಿಯೋ ಬಂದ ಕಾಲು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತು. ನಾಟಕದ ಹುಚ್ಚಿಗೆ ಮನೆಯವರೆಲ್ಲ ಬೈದಾಗ ತನುಜಾಳ ಮೊದಲ ಪಾತ್ರಕ್ಕೆ ಜರಿ ರವಿಕೆ ಹೊಲಿದುಕೊಟ್ಟವಳೂ ಅವಳೇ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ.

ಆ ಸುಗ್ರಾ ಬೀ ಈಗ ಮುಂದಿನ ಸಾಲಿನಲ್ಲೇ ಕೂತಿದ್ದಳು. ಪಕ್ಕದಲ್ಲಿ ಕಾಲೇಜು ಓದುವ ಮೊಮ್ಮಗಳು ಸನಾ. ಇವತ್ತೊಂದು ದಿನ ಸುಬ್ಬಕ್ಕ ಬೇಡ ದೇವರೇ ಎಂದುಕೊಂಡಳು ತನುಜಾ.

“ಮೇಡಂ, ಸುಬ್ಬಕ್ಕನ್ನ ಒಂದ್ಸಲ ತೋರ್ಸಿಬಿಡಿ!” ಚಿಕ್ಕಮಗಳೂರಿನಿಂದ ಬಂದಿದ್ದ ನಿರೂಪಕ ಶಶಿಧರ್ ಮೈಕಿನಲ್ಲಿ ಕೂಗಿದ.

“ಬೇಡ ಮಾರಾಯ, ಮಂಡಿನೋವು.”

“ನಾಲ್ಕು ಹೆಜ್ಜೆ ಸಾಕು ಮೇಡಂ!”

ಶಿಳ್ಳೆ, ಚಪ್ಪಾಳೆ ಶುರುವಾಯಿತು. ಚಪ್ಪಾಳೆ ಬಿದ್ದರೆ ನಟಿಯ ಈ ಹಾಳು ಮೈ ಯಾರ ಮಾತನ್ನೂ ಕೇಳುವುದಿಲ್ಲ. ಎದ್ದಳು. ಎಡಗಾಲು ಎಳೆದಳು. ತುಟಿ ಒಂದು ಬದಿಗೆ ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ಸನಾ ತಲೆ ತಗ್ಗಿಸಿದ್ದು ತನುಜಾಳಿಗೆ ಕಂಡಿತು. ಕಂಡರೂ ವೇದಿಕೆಯ ಆ ಕೊನೆಯವರೆಗೂ ನಡೆದಳು.

ಆಮೇಲೆ ಶಾಲು ಹೊದಿಸಲು ಊರಿನ ಹಿರಿಯ ಟೈಲರ್ ಸುಗ್ರಾ ಬೀಯವರು ಬರಬೇಕೆಂದು ಶಶಿಧರ್ ಹೆಸರು ಓದಿದ. ಅವಳು ಮೊಮ್ಮಗಳ ಕೈ ಬಿಡಿಸಿಕೊಂಡು ಎದ್ದಳು; ಎಡಗಾಲು ಎಳೆಯುತ್ತ ಮೆಟ್ಟಿಲು ಹತ್ತಿದಳು.

“ನೋಡಿ ಮೇಡಂ, ಅಜ್ಜಿ ನಿಮ್ಮನ್ನೇ ಇಮಿಟೇಟ್ ಮಾಡ್ತಿದಾರೆ!” ಎಂದ ಶಶಿಧರ್. ಕಳಸ, ವಸ್ತಾರೆ ಕಡೆಯಿಂದ ಬಂದವರಿಗೆ ಅವಳು ಯಾರೆಂದು ಏನು ಗೊತ್ತು? ಸಭೆಯೇ ಹೋ ಎಂದಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ತನುಜಾ ಮೈಕ್ ಕಿತ್ತುಕೊಂಡಳು. “ನಗ್ಬೇಡಿ! ಅದು ಇವರದೇ ನಡಿಗೆ. ಕದ್ದವಳು ನಾನು!” ಅಳು ಒತ್ತರಿಸಿ ಬಾಯಿ ಸೊಟ್ಟಗಾಗಿತ್ತು. ಸುಬ್ಬಕ್ಕನ ಹೊಸ ಡೈಲಾಗ್ ಎಂದುಕೊಂಡು ಜನ ಇನ್ನೂ ಜೋರಾಗಿ ನಕ್ಕರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಸುಗ್ರಾ ಬೀ ಶಾಲು ಹೊದಿಸಿ, ಹೆಗಲ ಮೇಲಿನ ಮಡಿಕೆ ಸರಿಮಾಡಿದಳು.

“ತಪ್ಪಾಯ್ತು ಸುಗ್ರಕ್ಕ,” ತನುಜಾ ಮೈಕ್ ಕೆಳಗಿಳಿಸಿ ಪಿಸುಗುಟ್ಟಿದಳು.

“ಸಿನಿಮಾ ನೋಡಿದಾಗ ಬೇಜಾರಾಗ್ಲಿಲ್ಲ ಕಣೆ ತನು. ಹೊಟ್ಟೆಪಾಡು ಅಂದ್ಕೊಂಡೆ. ಇವತ್ತು ನಾನು ಕೂತಿರೋದು ನೋಡಿದ್ಯಲ್ಲ? ಮೊಮ್ಮಗಳನ್ನೂ ನೋಡಿದ್ಯಲ್ಲ? ನೋಡಿಯೂ ನಡೆದ್ಯಲ್ಲ.”

ಇಷ್ಟೇ ಹೇಳಿ ಅವಳು ಹೊರಟಳು. ಅವಳು ಮೆಟ್ಟಿಲಿಳಿದು ಸನಾಳ ಹತ್ತಿರ ಹೋಗುವವರೆಗೂ, ಒಂದೊಂದು ಹೆಜ್ಜೆಗೂ ಜನ ಚಪ್ಪಾಳೆ ತಟ್ಟಿದರು.