ಇಲ್ಲದ ಬ್ರೇಕು

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ, ಮೈದಾನ್ ಹವಲ್ಲಿಯ ಒಂದು ತಿರುವಿನಲ್ಲಿ, ಚನ್ನಬಸಯ್ಯನ ಕಾರು ಫುಟ್‌ಪಾತಿನ ಅಂಚಿಗೆ ಗುದ್ದಿತು. ಪಕ್ಕದಲ್ಲಿದ್ದ ಹೆಂಡತಿ ಸೀಮಾಳ ಹುಬ್ಬು ಒಡೆಯಿತು. ಅದು 2009ರ ಮಾರ್ಚ್.

ಗೆಳೆಯ ಯಶೋಧರನ ಮನೆಯಲ್ಲಿ ಪ್ರತಿ ತಿಂಗಳು ಗೆಳೆಯರೆಲ್ಲ ಸೇರುವ ಊಟ ಮುಗಿಸಿ ಹೊರಟಿದ್ದರು. ಊಟದ ಜೊತೆಗೆ ಯಶೋಧರ ಅಡುಗೆಮನೆಯಲ್ಲೇ ಹುಳಿಸಿದ ದ್ರಾಕ್ಷಿ ವೈನೂ ಇತ್ತು. ಕುಡಿತಕ್ಕೆ ನಿಷೇಧವಿರುವ ಗಲ್ಫ್ ದೇಶ, ಸಿಕ್ಕಿಬಿದ್ದರೆ ಗಡೀಪಾರು. ಹಾಗಾಗಿ ಆ ಗುಂಪಿನಲ್ಲಿ ಕುಡಿದವರು ಯಾರೂ ಟ್ಯಾಕ್ಸಿ ಹತ್ತುತ್ತಿರಲಿಲ್ಲ. ಡ್ರೈವರನ ಮೂಗಿಗೆ ವಾಸನೆ ಬಡಿದರೆ ಗತಿಯೇನು? ಸ್ವಂತ ಕಾರೇ ಕ್ಷೇಮ ಎಂಬುದು ಅವರ ಲೆಕ್ಕ.

ಎದುರಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಸೀಮಾಳಿಗೆ ಹೊಲಿಗೆ ಹಾಕುವಾಗ ನರ್ಸ್ ಒಲಿಂಡಾ ಚನ್ನಬಸಯ್ಯನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. ಅವಳು ಮಂಗಳೂರಿನ ಕಡೆಯವಳು.

"ಬೆಕ್ಕು ಅಡ್ಡ ಬಂತ್ರಿ ಸಿಸ್ಟರ್," ಎಂದು ಕ್ಲಿನಿಕ್ಕಿಗೆ ಬರುವಾಗ ಹೇಳಿದ್ದನ್ನೇ ಅವನು ಮತ್ತೆ ಹೇಳಿದ.

"ಬೆಕ್ಕು ಎಷ್ಟು ಗ್ಲಾಸ್ ಕುಡಿದಿತ್ತು ಮಾರಾಯ್ರೆ?"

ಅವನ ಮುಖ ಕಪ್ಪಿಟ್ಟಿತು. "ಎರಡು... ಅಲ್ಲರಿ, ನಾಲ್ಕು. ಯಾರಿಗೂ ಹೇಳಬ್ಯಾಡ್ರಿ. ನನ್ನ ಇಕಾಮಾ ಖಲಾಸ್ ಆಕ್ಕೈತಿ, ಈ ದೇಶದಾಗ ಇರಾಕ ಬಿಡಂಗಿಲ್ಲ."

"ಬೈಯಲಿಕ್ಕೆ ಕರೆದದ್ದಲ್ಲ. ಐದು ನಿಮಿಷ ಮಾತಾಡುವ. ಕುಡಿದ ದಿನ ಗಾಡಿ ಮುಟ್ಟುವುದಿಲ್ಲ ಅನ್ನಲಿಕ್ಕೆ ನೀವು ಎಷ್ಟು ತಯಾರು? ಹತ್ತಕ್ಕೆ ಎಷ್ಟು?"

"ಐದು ಅನ್ರಿ."

ಉಪದೇಶ ಬರುತ್ತದೆಂದು ಅವನು ತಲೆ ತಗ್ಗಿಸಿದ. ಬರಲಿಲ್ಲ.

"ಐದು ಹೇಳಿದ್ರಿ. ಅದಕ್ಕೂ ಕಡಿಮೆ, ಎರಡು ಯಾಕಲ್ಲ?"

ಈ ಪ್ರಶ್ನೆಗೆ ಅವನಲ್ಲಿ ಸುಳ್ಳು ತಯಾರಿರಲಿಲ್ಲ.

"ಆಕಿ ಬ್ಯಾಡ ಅಂತ ಬಾಯಿಬಿಟ್ಟು ಅನ್ನಲಿಲ್ಲರಿ. ತಿರುವು ಬಂದಾಗ ಕಾಲು ನೆಲಕ್ಕ ಒತ್ತಿದ್ಲು, ಅಲ್ಲೇ ಬ್ರೇಕ್ ಇದ್ದಂಗ. ನಾ ನಕ್ಕೆ. ಆ ಕಡೆ ಬ್ರೇಕ್ ಇಲ್ಲ ಬಿಡು ಅಂದೆ."

ಒಲಿಂಡಾ ನೀರು ಕೊಟ್ಟಳು. "ಇನ್ನು ಮುಂದೆ ಏನು ಮಾಡುವಿರಿ? ನೀವೇ ಹೇಳಿ, ನಾನು ಹೇಳಿದರೆ ನಾಳೆಗೆ ಮರೆತುಹೋಗ್ತದೆ."

"ಕುಡಿದ್ರ ಅಲ್ಲೇ ಮಲಗೂದು. ಯಶೋಧರಗೂ ಹೇಳ್ತೀನ್ರಿ, ಕುಡಿದೋರ ಕೀಲಿ ಕಸ್ಕೊಂಡು ಇಟ್ಕೋ ಅಂತ."

ಹೊರಗೆ ಸೀಮಾ ಹುಬ್ಬಿಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು.

"ಡಾಕ್ಟರ್ ಕೇಳಿದ್ರು. ಬೆಕ್ಕು ಅಡ್ಡ ಬಂತು ಅಂತ ಹೇಳೇನಿ," ಎಂದಳು, ಅವನತ್ತ ನೋಡದೆ.

ಅವಳ ಬಾಯಲ್ಲಿ ತನ್ನ ಸುಳ್ಳು ಕೇಳಿ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ನಡೆದುಕೊಂಡೇ ಮನೆ ಸೇರಿದರು.

ಸಂಜೆ ಅವನು ಯಶೋಧರನಿಗೆ ಫೋನ್ ಮಾಡಿ, ಕೀಲಿಯ ಮಾತು ಹೇಳಿದ.

"ನಮ್ಮ ಮನೆ ಏನು ಜೈಲಾ ಭಾಯಿ?" ಎಂದು ಯಶೋಧರ ನಕ್ಕ.

ಮುಂದಿನ ತಿಂಗಳ ಊಟಕ್ಕೆ ಚನ್ನಬಸಯ್ಯ, ಸೀಮಾ ಇಬ್ಬರಿಗೂ ಕರೆ ಬರಲಿಲ್ಲ.