ಮೂರನೇ ಮನೆಯ ಮಗು

ಕಚೇರಿಯಲ್ಲಿ ಅವನನ್ನು ಎಲ್ಲರೂ ಸಂಸಾರಿ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಕಾಣುತ್ತಿರಲಿಲ್ಲ. ಆದರೂ ಹಣಕಾಸು ಇಲಾಖೆಯ ಆ ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂತು ಮೂರು ಸಂಸಾರಗಳನ್ನು ಸಾಕುವ ಕೆಲಸ ಅವನ ಪಾಲಿಗೆ ಬಂದಿತ್ತು.

ಸಂಗತಿ ಇಷ್ಟೇ. ಸರ್ಕಾರ ತೆರಿಗೆ ಏರಿಸಲಿ, ಇಳಿಸಲಿ, ಅದನ್ನು ಜನರಿಗೆ ತಿಳಿಸಿ ಹೇಳಬೇಕು. ಶೇಕಡಾವಾರು ಹೇಳಿದರೆ ಜನ ಆಕಳಿಸುತ್ತಾರೆ. ಅದಕ್ಕೇ ಮಂತ್ರಿಗಳ ಭಾಷಣದಲ್ಲಿ ಮೂರು ಮನೆಗಳು ಬರುತ್ತಿದ್ದವು: ಒಂದನೇ ಮನೆ, ಎರಡನೇ ಮನೆ, ಮೂರನೇ ಮನೆ. ಉಳ್ಳವರು, ನಡುವಿನವರು, ಹೇಗೋ ದಿನ ದೂಡುವವರು. ಇಂಥ ಮನೆಗೆ ಇಷ್ಟು ಉಳಿಯುತ್ತದೆ ಎಂದು ಮಂತ್ರಿಗಳು ಓದಿದರೆ, ಕೇಳುತ್ತಿದ್ದವರೆಲ್ಲ ತಮ್ಮನ್ನು ಒಂದು ಮೆಟ್ಟಿಲು ಮೇಲಿನ ಮನೆಯಲ್ಲೇ ಕಲ್ಪಿಸಿಕೊಂಡು ತಲೆದೂಗುತ್ತಿದ್ದರು.

ಆ ಮನೆಗಳನ್ನು ಗಾಳಿಯಲ್ಲಿ ಕಟ್ಟುವಂತಿರಲಿಲ್ಲ. ಮನೆಯವರು ಕೆಲಸಕ್ಕೆ ಹೇಗೆ ಹೋಗುತ್ತಾರೆ, ಯಾರಿಗೆ ಕೆಮ್ಮು, ಯಾರಿಗೆ ಮಂಡಿನೋವು, ಎಲ್ಲ ಇರಬೇಕು. ಇನ್ನೊಂದು ಕಟ್ಟುನಿಟ್ಟೂ ಇತ್ತು: ದೇಶದಲ್ಲಿರುವ ಕಾಯಿಲೆಯವರು, ಮುದುಕರು, ಮಕ್ಕಳು ಈ ಮೂರು ಮನೆಗಳಲ್ಲೇ ಹಂಚಿಹೋಗಬೇಕು. ಒಂದು ಮನೆಯಿಂದ ಯಾರನ್ನಾದರೂ ತೆಗೆದರೆ ಇನ್ನೊಂದು ಮನೆಯಲ್ಲಿ ಇಡಲೇಬೇಕು. ಯಾರನ್ನೂ ಬೀದಿಯಲ್ಲಿ ಬಿಡುವಂತಿಲ್ಲ. ಕಾಗದದ ಮೇಲೆ ಇಲಾಖೆಗೆ ಅಷ್ಟು ಕರುಣೆಯಿತ್ತು.

ಇಷ್ಟೆಲ್ಲ ಹೊಸದಾಗಿ ಹುಟ್ಟಿಸುವ ತಾಳ್ಮೆ ಯಾರಿಗಿದೆ? ಒಂದನೇ ಮನೆ ಬೇಕಾದಾಗ ನಿರ್ದೇಶಕರು ಕುರ್ಚಿಗೆ ಒರಗಿ ತಮ್ಮ ಮನೆಯನ್ನೇ ಬರೆಸಿದ್ದರು, ಅಂಗಳದ ಮೀನಿನ ಕೊಳ, ಮರದ ಮೆಟ್ಟಿಲು, ಆ ಮೆಟ್ಟಿಲಲ್ಲಿ ಕಾಲಿಟ್ಟರೆ ನರಳುವ ಒಂದು ಹಲಗೆ ಸಮೇತ. ಎರಡನೇ ಮನೆ ಪಕ್ಕದ ಮೇಜಿನ ಟೈಪಿಸ್ಟಮ್ಮನದು: ಗಂಡ, ಅವಳಿ ಗಂಡುಮಕ್ಕಳು, ಮುಗಿಯದ ಮನೆಸಾಲ. ಮೂರನೆಯದನ್ನು ಸಂಸಾರಿ ಯಾರಿಗೂ ಹೇಳದೆ ತನ್ನ ಅಕ್ಕನ ಮನೆಯಿಂದಲೇ ಎತ್ತಿಕೊಂಡಿದ್ದ. ಭಾವ ತೀರಿಕೊಂಡ ಮೇಲೆ ಅವನು ಇದ್ದದ್ದೂ ಅಲ್ಲೇ. ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಗಳು ಪುಟ್ಟಿಗೆ ಹುಟ್ಟಿದಾಗಿನಿಂದ ಉಬ್ಬಸ. ಹಿಂದಿನ ಬೀದಿಯ ಸರ್ಕಾರಿ ಚಿಕಿತ್ಸಾಲಯದಲ್ಲಿ ಬಿಟ್ಟಿಯಾಗಿ ಮುಖಕ್ಕೆ ಮಾಸ್ಕ್ ಹಾಕಿ ಔಷಧದ ಹಬೆ ಕೊಡುತ್ತಿದ್ದರು. ಅದರಿಂದಲೇ ಅವಳ ಉಸಿರು ನಡೆದಿತ್ತು.

ಆ ವರ್ಷ ತೆರಿಗೆ ಇಳಿಸುವ ವರ್ಷ. ಇಳಿಸಿದ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ. ದೊಡ್ಡ ಖರ್ಚುಗಳಿಗೆ ದೊಡ್ಡವರ ಕಾವಲಿತ್ತಾದ್ದರಿಂದ ಚಿಕ್ಕ ಖರ್ಚುಗಳ ಮೇಲೆ ಕಣ್ಣು ಬಿತ್ತು. ಬಿಟ್ಟಿ ಚಿಕಿತ್ಸಾಲಯಗಳು ಅದರಲ್ಲಿ ಒಂದು. ಸಂಸಾರಿ ಮೂರೂ ಮನೆಗಳ ಪಟ್ಟಿ ಹಾಕಿದ. ಒಂದನೇ ಮನೆಯ ಲಾಭ ಅಂಕಣದಲ್ಲಿ ಹಿಡಿಸದೆ ಅಂಕಣವನ್ನೇ ಅಗಲ ಮಾಡಬೇಕಾಯಿತು. ಎರಡನೇ ಮನೆಗೆ ಅವಳಿಗಳಿಗೊಂದು ಜೊತೆ ಬೂಟು ಬರುವಷ್ಟು ಉಳಿಯಿತು. ಇಬ್ಬರಲ್ಲಿ ಯಾರಿಗೆ ಎಂಬ ಜಗಳ ಅವರದು. ಮೂರನೇ ಮನೆ ತೆರಿಗೆಯನ್ನೇ ಕಟ್ಟುತ್ತಿರಲಿಲ್ಲ, ಹಾಗಾಗಿ ಉಳಿಯಲು ಏನೂ ಇರಲಿಲ್ಲ. ಚಿಕಿತ್ಸಾಲಯ ಮುಚ್ಚಲಿದ್ದರಿಂದ ಅಲ್ಲೊಂದು ಮೈನಸ್ ಬಂದು ಕೂತಿತು.

ನಿರ್ದೇಶಕರು ಅದನ್ನು ಕನ್ನಡಕದ ಮೇಲಿಂದ ನೋಡಿದರು, ಕೆಳಗಿಂದ ನೋಡಿದರು. ಕೆಟ್ಟ ಮನುಷ್ಯರಲ್ಲ. ಜವಾನನ ಮಗಳ ಮದುವೆಗೆ ಕೈಯಾರೆ ಕೊಟ್ಟವರು.

“ವೇದಿಕೆ ಮೇಲೆ ಮೈನಸ್ ಓದೋಕಾಗಲ್ಲಪ್ಪ,” ಅಂದರು. “ಆ ಮಗೂನ ಒಂದನೇ ಮನೆಗೆ ಹಾಕು. ಅವರಿಗೇನಂತೆ, ಡಾಕ್ಟರು ಮನೆಗೇ ಬರ್ತಾರೆ. ಆಸ್ಪತ್ರೆ ಮುಚ್ಚಿದ್ದು ಗೊತ್ತೂ ಆಗಲ್ಲ.”

ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಮಗು ಉಳಿಯಿತು, ಕಾಯಿಲೆ ಉಳಿಯಿತು, ಮೈನಸ್ ಮಾತ್ರ ಹೋಯಿತು. ಸಂಸಾರಿ ಒಂದು ಸಾಲನ್ನು ಕೆಳಗಿನಿಂದ ಎತ್ತಿ ಮೇಲಿಟ್ಟು, ಚಹಾ ಕುಡಿಯಲು ಹೋದ.

ಮರುದಿನ ಬೆಳಗ್ಗೆ ಎಚ್ಚರಾದಾಗ ಏನೋ ಕಳೆದುಹೋದಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಹಲಗೆಗೋಡೆಯ ಆಚೆಯಿಂದ ಪುಟ್ಟಿಯ ಗೊರಗೊರ ಇಲ್ಲ. ಅದು ಅವನಿಗೆ ಗೋಡೆ ಗಡಿಯಾರದ ಸದ್ದಿನ ಹಾಗೆ ಆಗಿಹೋಗಿತ್ತು. ನಿಂತಾಗಲೇ ಕಿವಿಗೆ ಬಿದ್ದದ್ದು. ಅಕ್ಕ ಒಲೆಯ ಮುಂದೆ ಹಗುರಾಗಿ ಓಡಾಡುತ್ತಿದ್ದಳು. ಮಗು ಇಷ್ಟು ಚೆನ್ನಾಗಿ ಮಲಗಿ ಯಾವ ಕಾಲವಾಯಿತೋ ಎಂದಳು.

ಚೆನ್ನಾಗಿ ಮಲಗಿದ ಮಗುವಿನ ಮುಖ ಹಾಗಿರುವುದಿಲ್ಲ. ಪುಟ್ಟಿ ರಾತ್ರಿಯೆಲ್ಲ ನಡೆದು ಬಂದವಳಂತೆ ಕೂತಿದ್ದಳು.

“ಮಾಮ, ನಾನು ದೊಡ್ಡ ಮನೇಲಿದ್ದೆ,” ಅಂದಳು. “ಅಂಗಳದಲ್ಲಿ ಮೀನಿದಾವೆ. ಮರದ ಮೆಟ್ಟಿಲಿದೆ. ಒಂದು ಮೆಟ್ಟಿಲು ತುಳಿದರೆ ಅಳುತ್ತೆ. ನಾನು ಅದರ ಮೇಲೇ ಕೂತಿದ್ದೆ. ಯಾರೂ ಮಾತಾಡಿಸಲ್ಲ.”

ಸಂಸಾರಿಯ ಕೈಯಲ್ಲಿದ್ದ ಲೋಟ ಬಾಯಿಗೆ ಬರಲಿಲ್ಲ. ಓದಿಕೊಂಡವನು, ಓದಿದವರ ಸಮಾಧಾನಗಳೆಲ್ಲ ಅವನ ಬಳಿ ಇದ್ದವು. ತಾನೇ ಯಾವಾಗಲೋ ಬಾಯಿಬಿಟ್ಟಿರಬೇಕು, ಮಗು ಕೇಳಿಸಿಕೊಂಡಿರಬೇಕು. ಆದರೆ ಆ ಮೆಟ್ಟಿಲ ಮಾತನ್ನು ಅವನು ಟೈಪಿಸ್ಟಮ್ಮನಿಗೂ ಹೇಳಿರಲಿಲ್ಲ.

ಆಮೇಲಿನ ದಿನಗಳಲ್ಲಿ ಉಬ್ಬಸವೇನೋ ಹತ್ತಿರ ಸುಳಿಯಲಿಲ್ಲ. ಪುಟ್ಟಿಯೇ ಕಡಿಮೆಯಾಗುತ್ತಾ ಬಂದಳು. ಎತ್ತಿಕೊಂಡರೆ ಭಾರವೇ ಇಲ್ಲವಲ್ಲೋ, ಒಗೆದು ಹಿಂಡಿದ ಬಟ್ಟೆಯಾದರೂ ಇದಕ್ಕಿಂತ ತೂಗುತ್ತೆ ಎಂದು ಅಕ್ಕ ನಗುತ್ತಲೇ ಹೇಳಿದಳು. ಹೇಳಿ ನಗು ನಿಲ್ಲಿಸಿದಳು. ಬೀದಿಯಲ್ಲಿ ಸಿಕ್ಕವರು ಅಕ್ಕನನ್ನು ಮಾತಾಡಿಸುತ್ತಿದ್ದರು, ಪಕ್ಕದಲ್ಲಿ ಕೈಹಿಡಿದು ನಿಂತ ಮಗಳನ್ನು ಕೇಳುತ್ತಿರಲಿಲ್ಲ. ಮೊದಲೆಲ್ಲ ಕೆನ್ನೆ ಹಿಂಡದೆ ಬಿಡದ ಹಾಲಿನವಳೂ ಅಷ್ಟೇ. ಹೀಗೇಕೆಂದು ತೋರಿಸಲು ಹೋದ ಚಿಕಿತ್ಸಾಲಯದಲ್ಲಿ ಬೆಂಚಿನ ಮೇಲೆ ಪುಟ್ಟಿ ಕೂತಿದ್ದಂತೆಯೇ ನರ್ಸು ಅವಳಾಚೆಯ ಮಗುವನ್ನು ಕರೆದಳಂತೆ. ನಮ್ಮದು ಕಾಣಲಿಲ್ಲವಾ ಅಂದರೆ, ಆ ಹೆಂಗಸು ಬೆಂಚನ್ನು ಒಂದು ಗಳಿಗೆ ದಿಟ್ಟಿಸಿ, ಅಯ್ಯೋ ಹೌದಲ್ಲ ಅಂದಳಂತೆ.

ಪುಟ್ಟಿ ಮಾತ್ರ ದಿನಾ ಆ ಮನೆಯ ಸುದ್ದಿ ತರುತ್ತಿದ್ದಳು. ಮೀನಿಗೆ ಊಟ ಹಾಕಿದರು. ದೀಪ ಆರಿಸಿದರು. ಕಿಟಕಿ ಮುಚ್ಚಿದರು.

ಕಚೇರಿಯಲ್ಲೂ ಕಿಟಕಿ ಮುಚ್ಚುವ ಕೆಲಸ ಜೋರಾಗಿತ್ತು. ನಿರ್ದೇಶಕರು ಕೆಂಗಣ್ಣು ಮಾಡಿಕೊಂಡು ಬರುತ್ತಿದ್ದರು, ಕೂತ ಕೂಡಲೇ ಜವಾನನಿಗೆ ಕಿಟಕಿ ಮುಚ್ಚು ಅನ್ನುತ್ತಿದ್ದರು. ಮುಚ್ಚಿದೆ ಸಾರ್ ಎಂದು ಅವನು ಹೇಳುವುದು, ಇನ್ನೊಂದು ಸಲ ನೋಡು ಎಂದು ಇವರು ಹೇಳುವುದು. ಕೊನೆಗೊಂದು ಮಧ್ಯಾಹ್ನ ಸಂಸಾರಿಯನ್ನು ಒಳಗೆ ಕರೆದು, ಬಾಗಿಲು ಹಾಕಿಸಿ, ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುವಿದರು. ಮನೆಯ ಮೆಟ್ಟಿಲ ಮೇಲೆ ರಾತ್ರಿ ಯಾರೋ ಕಷ್ಟಪಟ್ಟು ಉಸಿರೆಳೆಯುತ್ತಾರೆ ಎಂದರು. ನಲ್ಲಿಯವನು ಬಂದು ಕೊಳವೆಗಳನ್ನೆಲ್ಲ ಬಿಚ್ಚಿ ನೋಡಿ, ದೊಡ್ಡ ಬಿಲ್ಲು ಕೊಟ್ಟು ಹೋದನಂತೆ. ಬೆಕ್ಕಿನ ಮೇಲೂ ಅನುಮಾನ ಪಟ್ಟರಂತೆ. ಬೆಕ್ಕೇ ಹೆದರಿ ಮನೆ ಬಿಟ್ಟಿತಂತೆ. ಹೆಂಡತಿ ಏನೂ ಅನ್ನುವುದಿಲ್ಲ, ಸುಮ್ಮನೆ ಮೆಟ್ಟಿಲನ್ನೇ ನೋಡುತ್ತಾ ಕೂತಿರುತ್ತಾಳೆ, ಅದೇ ಇನ್ನೂ ಕಷ್ಟ ಎಂದರು.

“ಆ ಮಗು ನಮ್ಮ ಮನೇಲಿ ಬೇಡ,” ಅಂದರು. “ಎರಡನೇ ಮನೆಗೆ ಹಾಕಿಬಿಡು.”

ಗಾಜಿನಾಚೆ ಟೈಪಿಸ್ಟಮ್ಮ ಯಾರಿಗೋ ಅವಳಿಗಳ ಫೋಟೋ ತೋರಿಸುತ್ತಾ, ಇವನು ಅವನಲ್ಲ, ಅವನು ಇವನು ಎಂದು ನಗುತ್ತಿದ್ದಳು. ಸಂಸಾರಿ ಅವಳನ್ನೇ ನೋಡಿದ. ಒಂದು ಸಾಲನ್ನು ಎತ್ತಿ ಇಡುವ ಕೆಲಸ. ಚಹಾದ ಹೊತ್ತಿಗೆ ಮುಗಿಯುತ್ತದೆ. ಇವತ್ತು ರಾತ್ರಿ ಆ ಮನೆಯ ಮಂಚದ ಕೆಳಗೆ ಪುಟ್ಟಿ ಕೂತಿರುತ್ತಾಳೆ.

“ಸಾರ್, ಅದು ನನ್ನ ಅಕ್ಕನ ಮಗಳು,” ಅಂದ. “ನಮ್ಮನೆಗೇ ವಾಪಸು ಕಳಿಸಿ.”

ನಿರ್ದೇಶಕರು ತಲೆಯೆತ್ತಿದರು. ಮುಖದಲ್ಲಿ ಬೇರೆ ಬೇರೆ ಪ್ರಶ್ನೆಗಳು ಹಾದುಹೋದವು. ಬಾಯಿಗೆ ಬಂದದ್ದು ಅವರ ಹುದ್ದೆಯ ಪ್ರಶ್ನೆ. “ಹಾಗಾದರೆ ಮೈನಸ್ಸು?”

“ಅದೂ ನಮ್ಮನೇದೇ ಸಾರ್.”

ಕೂಡಲೇ ಸಹಿ ಹಾಕಿದರು. ಅಷ್ಟು ಅವಸರದ ಸಹಿಯನ್ನು ಆ ಕಚೇರಿ ಕಂಡಿರಲಿಲ್ಲ.

ಮಾರನೇ ಬೆಳಗ್ಗೆ ಗೋಡೆಯಾಚೆ ಗೊರಗೊರ ಶುರುವಾಗಿತ್ತು. ಹಾಲಿನವಳು ಬಾಗಿಲಲ್ಲೇ ನಿಂತು, ಏನೇ ಪುಟ್ಟಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಅಕ್ಕ ಮಗಳ ಬೆನ್ನು ನೀವುತ್ತಾ, ಮತ್ತೆ ಬಂತಲ್ಲೋ ಈ ಹಾಳು ಉಬ್ಬಸ ಎಂದು ಕಣ್ಣೊರೆಸಿಕೊಂಡಳು. ಸಂಸಾರಿ ಗೋಡೆಯ ಕಡೆ ತಿರುಗಿ ಅಂಗಿ ಹಾಕಿಕೊಂಡ. ಅವನ ಮುಖದಲ್ಲಿದ್ದ ಸಂತೋಷ ಆ ಹೊತ್ತಿನಲ್ಲಿ ಅಕ್ಕನಿಗೆ ತೋರಿಸುವಂಥದ್ದಾಗಿರಲಿಲ್ಲ.

ಮಂತ್ರಿಗಳ ಭಾಷಣವನ್ನು ಕಚೇರಿಯವರೆಲ್ಲ ರೇಡಿಯೋ ಸುತ್ತ ನಿಂತು ಕೇಳಿದರು. ಒಂದನೇ ಮನೆ ಬಂತು, ಎರಡನೇ ಮನೆ ಬಂತು. ಹಾಳೆ ತಿರುವಿದ ಸದ್ದು ಕೇಳಿಸಿತು. “ಉಳಿದ ಮನೆಗಳಿಗೂ ಯಥೋಚಿತ ಅನುಕೂಲವಾಗಲಿದೆ,” ಎಂದರು ಮಂತ್ರಿಗಳು, ಚಪ್ಪಾಳೆ ಬಿತ್ತು. ಯಾರನ್ನೂ ಬೀದಿಯಲ್ಲಿ ಬಿಡಬಾರದೆಂಬ ಕಟ್ಟು ಇವರ ಮಹಡಿಗೆ ಮಾತ್ರ. ಮೇಲಿನವರು ಭಾಷಣದಿಂದ ಮೂರನೇ ಮನೆಯನ್ನೇ ಕೈಬಿಟ್ಟಿದ್ದರು. ಸಂಸಾರಿ ಟೋಪಿ ಮರೆತು ಓಡಿದ. ಬೀದಿ ತಿರುವಿನಲ್ಲಿ ಮನೆ ಇನ್ನೂ ಇದೆಯೋ ಇಲ್ಲವೋ ಎಂದು ಒಂದು ಕ್ಷಣ ಕಣ್ಣು ಮುಚ್ಚಿ ನಿಂತ. ಇತ್ತು. ಒಣಗಲು ಹಾಕಿದ ಬಟ್ಟೆಯ ಹಿಂದೆ ಗೊರಗೊರವೂ ಇತ್ತು.

ಚಿಕಿತ್ಸಾಲಯಕ್ಕೆ ಬೀಗ ಬಿತ್ತು. ಅಂಗಡಿಯ ಔಷಧಕ್ಕೆ ಅಕ್ಕ ಎರಡು ಪಾಳಿ ನಿಂತಳು. ಅದೂ ಸಾಲದೆ ಮಗಳಿಗೆ ಕೊಡುವುದನ್ನು ಅರ್ಧ ಮಾಡಿದಳು. ನಿರ್ದೇಶಕರ ಕಣ್ಣಿನ ಕೆಂಪು ಇಳಿದಿತ್ತು. ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಎಲ್ಲರ ಮುಂದೆ ಹೇಳಿಕೊಂಡರು, ಕೊಳದ ಪಕ್ಕ ಹೊಸ ಕಟ್ಟೆ ಕಟ್ಟಿಸುವ ಮಾತನ್ನೂ ಆಡಿದರು.

ರಜೆಯ ದಿನ ಬೆಳಗ್ಗೆ ಪುಟ್ಟಿಯ ತುಟಿ ನೀಲಿಗಟ್ಟಿತು. ಅಕ್ಕ ಪಾಳಿಯಲ್ಲಿದ್ದಳು. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ, ಚಿಕಿತ್ಸಾಲಯಗಳಿಂದ ಹೊರಬಿದ್ದ ಮಕ್ಕಳ ಸಾಲು ಬೀದಿಯ ತುದಿ ಮುಟ್ಟಿತ್ತು. ಆ ಸಾಲನ್ನು ನೋಡುತ್ತಾ ನಿಂತ ಸಂಸಾರಿಗೆ ಒಂದು ಮಾತು ನೆನಪಾಯಿತು. ಪುಟ್ಟಿಯನ್ನು ಎತ್ತಿಕೊಂಡು ಟ್ಯಾಕ್ಸಿ ಹತ್ತಿದ. ನಿರ್ದೇಶಕರ ಮನೆಯ ಮೆಟ್ಟಿಲು ಅವನಿಗೆ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ.

“ಎಡಕ್ಕೆ, ಮಾಮ,” ಅಂದಳು ಪುಟ್ಟಿ, ಉಸಿರಿನ ಮಧ್ಯೆ. “ಆ ಹಸಿರು ಗೇಟು.”

ಬಾಗಿಲು ತೆರೆದ ನಿರ್ದೇಶಕರು ಮೊದಲು ಸದ್ದು ಕೇಳಿದರು, ಆಮೇಲೆ ಮಗುವನ್ನು ನೋಡಿದರು.

“ಒಂದನೇ ಮನೆಗೆ ಡಾಕ್ಟರು ಬರ್ತಾರೆ ಅಂದಿದ್ರಿ, ಸಾರ್,” ಅಂದ ಸಂಸಾರಿ.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು. ಪುಟ್ಟಿಯನ್ನು ಕಂಡು ಅವರಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ. ಗಂಡನನ್ನು ಬಾಗಿಲಿನಿಂದ ಮೆಲ್ಲಗೆ ಸರಿಸಿದರು.

“ಎಷ್ಟು ದಿನ ಆಯ್ತಲ್ಲೇ ನೀನು ಬಂದು,” ಅಂದರು. “ಶಾಲು ಅಲ್ಲೇ ಇಟ್ಟಿದೀನಿ ನೋಡು.”

ಮರದ ಮೆಟ್ಟಿಲ ನಡುವೆ ಮಡಿಸಿದ ಶಾಲೊಂದು ಇತ್ತು. ಪುಟ್ಟಿ ಸಂಸಾರಿಯ ಕೈ ಬಿಡಿಸಿಕೊಂಡು, ಗೋಡೆ ಹಿಡಿದು ಹತ್ತಿ, ಅದನ್ನು ಹೊದ್ದು ಕೂತಳು. ಹಲಗೆ ನರಳಿತು. ಆ ಹೆಂಗಸು ಆಗಲೇ ಫೋನಿನಲ್ಲಿ ಡಾಕ್ಟರಿಗೆ, ಹೌದು, ಈಗಲೇ, ನಮ್ಮ ಮನೆಯ ಮಗುವಿಗೇ ಅನ್ನುತ್ತಿದ್ದರು.

ಗೊರಗೊರ ಮೆಟ್ಟಿಲಿಳಿದು ಹಜಾರವನ್ನು ತುಂಬಿತು. ನಿರ್ದೇಶಕರು ಅವಸರವಾಗಿ ಕಿಟಕಿಯ ಹತ್ತಿರ ಹೋದರು. ಅದು ಮುಚ್ಚಿಯೇ ಇತ್ತು. ಅಗುಳಿಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತರು.